ಇಂಗ್ಲೆಂಡಿನ ಹಳ್ಳಿ ದಾರಿಯಲ್ಲಿ ಹಳೇ ಬಸ್ಸು: ಎಲ್ಲಿ, ಯಾವಾಗ, ಯಾವುದನ್ನು ಹತ್ತಬೇಕು?

ಇಂಗ್ಲೆಂಡಿನಲ್ಲಿ ಹಳೇ ಬಸ್ಸು ಹತ್ತಬೇಕು ಅನ್ನುವ ನಮ್ಮವರು ಮೊದಲು ಕೇಳುವ ಪ್ರಶ್ನೆ ಒಂದೇ. ರೂಟ್‌ಮಾಸ್ಟರ್ ಎಲ್ಲಿ ಸಿಗುತ್ತೆ? ಕೇಳುವುದು ಸಹಜ. ಕೆಂಪು ಡಬಲ್ ಡೆಕರ್ ಅಂದರೆ ಎಲ್ಲರ ಕಣ್ಣಿಗೂ ಬರುವುದು ಅದೇ. ಆದರೆ ನನ್ನ ಸಲಹೆ ಬೇರೆ. ಮೊದಲು ದಾರಿ ಆರಿಸಿ, ಬಸ್ಸು ಆಮೇಲೆ.

ಕಾರಣ ಇದೆ. 1950ರ ಬಸ್ಸನ್ನು ಮ್ಯೂಸಿಯಂ ಅಂಗಳದಲ್ಲಿ ಎರಡು ಸುತ್ತು ಹೊಡೆಸಿದರೆ ನೀವು ನೋಡುವುದು ಚೆಂದದ ಬಣ್ಣ, ಮೆತ್ತನೆಯ ಸೀಟು, ಅಷ್ಟೇ. ಅದೇ ಬಸ್ಸು ಎರಡೂ ಕಡೆ ಬೇಲಿಗಿಡ ಒತ್ತಿಕೊಂಡಿರುವ ದಾರಿಯಲ್ಲಿ ಏರು ಹತ್ತಲಿ. ಡ್ರೈವರ್ ಎರಡನೇ ಗೇರಿಗೆ ಇಳಿಸುತ್ತಾರೆ. ಎಂಜಿನ್ ದನಿ ದಪ್ಪ ಆಗುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರು ಹಿಂದೆ ಸರಿಯಬೇಕು ಅಂತ ಕೈಸನ್ನೆಯಲ್ಲೇ ತೀರ್ಮಾನ ಆಗುತ್ತದೆ. ಬಸ್ಸು ಯಾಕೆ ಅಷ್ಟು ಅಗಲ, ಅಷ್ಟೇ ಎತ್ತರ, ಅಷ್ಟು ನಿಧಾನ ಅಂತ ಆಗ ಗೊತ್ತಾಗುತ್ತದೆ. ಆ ಬಸ್ಸನ್ನು ಆ ದಾರಿಗಾಗಿಯೇ ಕಟ್ಟಿದ್ದರು.

ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಮೊದಲು ಸವಾರಿಯ ಬಗೆಗಳನ್ನು, ಆಮೇಲೆ ಬಸ್ಸುಗಳನ್ನು. ಲಂಡನ್, ರೆಡಿಂಗ್, ಸ್ಲೌ ಕಡೆ ಇರುವ ಕನ್ನಡದವರಿಗೆ ಇದು ಒಂದು ದಿನದ ತಿರುಗಾಟ. ಊರಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಅನ್ನುವವರಿಗೂ ಉಪಯೋಗಕ್ಕೆ ಬರುತ್ತದೆ.

ಟಿಕೆಟ್ ಇದೆಯೋ, ಫ್ರೀಯೋ?

ಹೊಸಬರಿಗೆ ಗೊಂದಲ ಆಗುವುದು ಇಲ್ಲಿ. ಒಂದು ಕಡೆ ಇಡೀ ದಿನ ಬಿಟ್ಟಿ ಸವಾರಿ, ಇನ್ನೊಂದು ಕಡೆ ಟಿಕೆಟ್. ಹಿಂದಿರುವುದು ಕಾನೂನು. ದುಡ್ಡು ತಗೊಂಡು ಜನರನ್ನು ಕೂರಿಸಿಕೊಂಡರೆ ಬಸ್ಸು ಕಂಪನಿಗೆ ಬೇಕಾದ ಲೈಸೆನ್ಸ್, ವರ್ಷದ ತಪಾಸಣೆ, ಮಾರ್ಗದ ನೋಂದಣಿ ಎಲ್ಲ ಬೇಕು. ಹಳೇ ಬಸ್ಸುಗಳಲ್ಲಿ ಹೆಚ್ಚಿನವು ಒಬ್ಬರ ಸ್ವಂತದ್ದು, ಇಲ್ಲವೇ ನಾಲ್ಕಾರು ಗೆಳೆಯರ ಗುಂಪಿನದ್ದು. ಅವರು ಆ ಲೈಸೆನ್ಸ್ ಗೋಜಿಗೆ ಹೋಗುವುದಿಲ್ಲ. ಫ್ರೀಯಾಗಿ ಕೂರಿಸಿಕೊಳ್ಳುತ್ತಾರೆ, ವೇಳಾಪಟ್ಟಿಯ ಪುಸ್ತಕ ಮಾರುತ್ತಾರೆ, ಡಬ್ಬಿ ಇಡುತ್ತಾರೆ.

ಆ ಪುಸ್ತಕ ಕೊಳ್ಳಿ. ಡಬ್ಬಿಗೂ ಧಾರಾಳವಾಗಿ ಹಾಕಿ. ಇಂಥ ಬಸ್ಸಿನ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದನ್ನು ಉಳಿಸಲು ಇನ್ನೊಂದರ ಭಾಗ ಕಳಚುತ್ತಾರೆ, ಇಲ್ಲವೇ ಹೊಸದಾಗಿ ಎರಕ ಹೊಯ್ಯಿಸುತ್ತಾರೆ. ಮಾಡುವವರೆಲ್ಲ ಸಂಬಳ ಇಲ್ಲದ ಸ್ವಯಂಸೇವಕರು. ನೀವು ಆರಾಮಾಗಿ ಕೂತು ಹೋಗುವ ಅರ್ಧ ಗಂಟೆಯ ಹಿಂದೆ ಯಾರದ್ದೋ ಎಷ್ಟೋ ಚಳಿಗಾಲದ ಭಾನುವಾರಗಳಿವೆ.

ಇಂಬರ್: ಜೀವನದಲ್ಲಿ ಒಂದೇ ಸಲ ಅಂತಿದ್ದರೆ ಇದು

ವಿಲ್ಟ್‌ಶೈರಿನ ಸಾಲ್ಸ್‌ಬರಿ ಬಯಲಿನ ನಟ್ಟ ನಡುವೆ ಇಂಬರ್ ಅಂತ ಒಂದು ಹಳ್ಳಿ. ಈಗ ಅಲ್ಲಿ ಯಾರೂ ಇಲ್ಲ. 1943ರ ನವೆಂಬರ್ 1ರಂದು ಊರವರನ್ನು ಶಾಲೆಯಲ್ಲಿ ಸೇರಿಸಿ, ಕ್ರಿಸ್‌ಮಸ್‌ಗೆ ಮುಂಚೆ ಮನೆ ಬಿಡಬೇಕು ಅಂತ ಹೇಳಿದರು. ಅವರ ಕೈಗೆ ಸಿಕ್ಕಿದ್ದು 47 ದಿನ. ಯುದ್ಧದ ಕಾಲ. ಯುರೋಪಿನ ದಾಳಿಗೆ ಅಮೆರಿಕದ ಸೈನಿಕರು ತರಬೇತಿ ಪಡೆಯಲು ಜಾಗ ಬೇಕಿತ್ತು. ಯುದ್ಧ ಮುಗಿಯಿತು, ಊರವರಿಗೆ ಊರು ವಾಪಸ್ ಸಿಗಲಿಲ್ಲ. ಇವತ್ತಿಗೂ ಅದು ಸೈನ್ಯದ ತರಬೇತಿ ನೆಲ. ವರ್ಷದ ಬಹುಪಾಲು ದಾರಿ ಮುಚ್ಚಿರುತ್ತದೆ.

ಈ ಊರಿಗೆ ವರ್ಷಕ್ಕೊಂದು ದಿನ, ಆಗಸ್ಟ್‌ನ ಒಂದು ಶನಿವಾರ, ಬಸ್ಸು ಬರುತ್ತದೆ. ಹೆಸರು ಇಂಬರ್‌ಬಸ್, ಮಾರ್ಗದ ನಂಬರ್ 23ಎ. 2009ರಲ್ಲಿ ಶುರುವಾಯಿತು. ಲಂಡನ್ ಸಾರಿಗೆಯ ಮುಖ್ಯಸ್ಥರಾಗಿದ್ದ ಪೀಟರ್ ಹೆಂಡಿ ಇದನ್ನು ಶುರು ಮಾಡಿದವರಲ್ಲಿ ಒಬ್ಬರು. ಅವರ ಹತ್ತಿರ ಸ್ವಂತದ ರೂಟ್‌ಮಾಸ್ಟರ್‌ಗಳೂ ಇವೆ. ಇಲ್ಲಿ ನೋಂದಣಿ ಪಕ್ಕಾ, ಟಿಕೆಟ್ ಇದೆ. ಇತ್ತೀಚಿನ ವರ್ಷಗಳಲ್ಲಿ ದೊಡ್ಡವರಿಗೆ ಇಡೀ ದಿನಕ್ಕೆ 10 ಪೌಂಡ್, ಮಕ್ಕಳಿಗೆ 1 ಪೌಂಡ್ ಇತ್ತು. ಹೋಗುವ ವರ್ಷದ ದರ ನೋಡಿಕೊಳ್ಳಿ. ಉಳಿದ ಹಣ ಇಂಬರ್‌ನ ಚರ್ಚಿನ ಪಾಲನೆಯಂಥ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ.

ಹೊರಡುವುದು ವಾರ್‌ಮಿನ್‌ಸ್ಟರ್ ರೈಲು ನಿಲ್ದಾಣದಿಂದ. ಬಾತ್ ಮತ್ತು ಸಾಲ್ಸ್‌ಬರಿ ಎರಡೂ ಕಡೆಯಿಂದ ನೇರ ರೈಲಿದೆ. ಊರು ದಾಟಿ ಏರು ಹತ್ತಿದ ಮೇಲೆ ಸೈನ್ಯದ ಗೇಟು ಬರುತ್ತದೆ. ಅಲ್ಲಿಂದ ಮನೆ ಇಲ್ಲ, ಅಂಗಡಿ ಇಲ್ಲ, ತಂತಿ ಕಂಬ ಇಲ್ಲ. ಅಲೆಅಲೆಯಾದ ಹುಲ್ಲುಗಾವಲು, ತುಕ್ಕು ಹಿಡಿದ ಟ್ಯಾಂಕ್, ಸಿಡಿಯದ ಮದ್ದುಗುಂಡು ಇರಬಹುದು ಅನ್ನುವ ಬೋರ್ಡು. ಬಸ್ಸಿನಿಂದ ಇಳಿದ ಮೇಲೂ ದಾರಿ ಬಿಟ್ಟು ಹೋಗಬಾರದು. ಇದು ನಿಜವಾದ ಅಪಾಯ, ಮಕ್ಕಳ ಕೈ ಹಿಡಿದುಕೊಂಡಿರಿ. ಇಂಬರ್‌ನಲ್ಲಿ ಸೇಂಟ್ ಜೈಲ್ಸ್ ಚರ್ಚ್ ನೋಡಬಹುದು. ಉಳಿದಂತೆ ಕಾಣುವ ಕಟ್ಟಡಗಳಲ್ಲಿ ಬಹಳಷ್ಟು ಕಿಟಕಿಯೇ ಇಲ್ಲದ ಗೋಡೆ ಮನೆಗಳು. ಸೈನಿಕರು ಬೀದಿ ಕಾಳಗ ಕಲಿಯಲು ಆಮೇಲೆ ಕಟ್ಟಿದ್ದು.

ಹೋಲಿಕೆಗೆ ಬಂದರೆ, ಇಂಬರ್‌ನ ಬಲ ಜಾಗ. ಇನ್ನು ಯಾವ ಸವಾರಿಯೂ ಇಂಥ ಕಡೆಗೆ ಕರೆದುಕೊಂಡು ಹೋಗುವುದಿಲ್ಲ. ದೌರ್ಬಲ್ಯ ನೂಕುನುಗ್ಗಲು. ವರ್ಷಕ್ಕೊಂದೇ ದಿನ ಆದ್ದರಿಂದ ಜನ ಜಾಸ್ತಿ. ಬೆಳಗಿನ ಮೊದಲ ಬಸ್ಸುಗಳಲ್ಲಿ ಹೋಗಿಬಿಡಿ. ಬಂದ ಬಸ್ಸಿಗೆಲ್ಲ ಹತ್ತಲೂ ಬೇಡಿ. ಇಲ್ಲಿ ಹಳೇ ರೂಟ್‌ಮಾಸ್ಟರ್ ಜೊತೆ ಹೊಸ ಮಾದರಿಯವೂ ಓಡುತ್ತವೆ. ಹಳೆಯದೇ ಬೇಕು ಅಂದರೆ ಸುಮ್ನೆ ಸಾಲಿನಲ್ಲಿ ಪಕ್ಕಕ್ಕೆ ನಿಂತು ಮುಂದಿನದಕ್ಕೆ ಕಾಯಿರಿ, ಬರುತ್ತದೆ. ಇನ್ನೊಂದು ಮಾತು. ಎಲ್ಲರೂ ಇಂಬರ್‌ನಲ್ಲೇ ಇಳಿದು ಹಿಂದಿರುಗುತ್ತಾರೆ. ಬಸ್ಸು ಮುಂದೆ ಗೋರ್ ಕ್ರಾಸ್, ಟಿಲ್ಸ್‌ಹೆಡ್, ಚಿಟರ್ನ್ ಕಡೆಗೂ ಹೋಗುತ್ತದೆ. ಆ ದೂರದ ಕೊನೆಗಳಲ್ಲಿ ಜನ ಕಡಿಮೆ, ಮೇಲಿನ ಮಹಡಿಯ ಮುಂದಿನ ಸೀಟು ಸಿಗುವ ಸಾಧ್ಯತೆ ಹೆಚ್ಚು.

ಎಪಿಂಗ್–ಓಂಗರ್: ಮನೆಮಂದಿಯೆಲ್ಲ ಹೋಗುವುದಾದರೆ

ಲಂಡನ್ನಿನಿಂದ ಅತಿ ಸುಲಭ ಇದು. ಸೆಂಟ್ರಲ್ ಲೈನ್ ಟ್ಯೂಬ್ (ಲಂಡನ್ನಿನ ಮೆಟ್ರೋ) ಹತ್ತಿ ಕೊನೆಯ ನಿಲ್ದಾಣ ಎಪಿಂಗ್‌ನಲ್ಲಿ ಇಳಿಯಬೇಕು. ಒಂದು ಕಾಲದಲ್ಲಿ ಈ ಟ್ಯೂಬ್ ಇನ್ನೂ ಮುಂದೆ, ಎಸೆಕ್ಸ್‌ನ ಹೊಲಗಳ ನಡುವೆ ಓಂಗರ್ ತನಕ ಹೋಗುತ್ತಿತ್ತು. 1994ರ ಸೆಪ್ಟೆಂಬರ್ 30ರಂದು ಆ ತುಂಡನ್ನು ಮುಚ್ಚಿದರು. ಈಗ ಅಲ್ಲಿ ಸ್ವಯಂಸೇವಕರು ಹಳೇ ರೈಲು ಓಡಿಸುತ್ತಾರೆ. ಆದರೆ ಅವರ ರೈಲು ಎಪಿಂಗ್ ಟ್ಯೂಬ್ ನಿಲ್ದಾಣದ ಒಳಕ್ಕೆ ಬರುವಂತಿಲ್ಲ. ನಡುವಿನ ಆ ದೂರವನ್ನು ತುಂಬಲು ಹಳೇ ಬಸ್ಸು ಬಿಟ್ಟಿದ್ದಾರೆ. ನಂಬರ್ 339. ಲಂಡನ್ ಸಾರಿಗೆಯ ಹಳ್ಳಿ ವಿಭಾಗದ ಹಸಿರು ಬಸ್ಸುಗಳು ಈ ಭಾಗದಲ್ಲಿ ಓಡಾಡುತ್ತಿದ್ದ ಕಾಲದ ನಂಬರೇ ಅದು.

ರೈಲು ಓಡುವ ದಿನಗಳಲ್ಲಿ ಎಪಿಂಗ್‌ನಿಂದ ನಾರ್ತ್ ವೀಲ್ಡ್, ಓಂಗರ್ ಕಡೆಗೆ ಬಸ್ಸು ಸಿಗುತ್ತದೆ. ಕೆಲವು ದಿನ ಇನ್ನೊಂದು ತುದಿಯ ಶೆನ್‌ಫೀಲ್ಡ್ ತನಕವೂ ಹೋಗುತ್ತದೆ. ದಾರಿ ಬೆಟ್ಟಗುಡ್ಡದ್ದಲ್ಲ. ಕಾಡಿನ ಅಂಚು, ಹೊಲ, ಹಳ್ಳಿ ಪಬ್ಬು. ದಾರಿಗೆ ನಾನು ಕೊಡುವ ಅಂಕ ಸಾಧಾರಣ. ಆದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಕರೆದುಕೊಂಡು ಹೋಗುವುದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಟಾಯ್ಲೆಟ್ ಇದೆ, ಟೀ ಸಿಗುತ್ತದೆ, ಒಬ್ಬರಿಗೆ ಸುಸ್ತಾದರೆ ಟ್ಯೂಬ್ ಹತ್ತಿ ಮನೆಗೆ ಬಂದುಬಿಡಬಹುದು. ಕಾಲಲ್ಲಿ ಶಕ್ತಿ ಇದ್ದರೆ ಓಂಗರ್‌ನಿಂದ ಸುಮಾರು ಒಂದು ಮೈಲಿ ನಡೆದು ಗ್ರೀನ್‌ಸ್ಟೆಡ್ ಚರ್ಚ್ ನೋಡಿ. ಅದರ ಗೋಡೆ 11ನೇ ಶತಮಾನದ ಓಕ್ ಮರದ ದಿಮ್ಮಿಗಳದ್ದು. ಉದ್ದಕ್ಕೆ ಸೀಳಿ ಸಾಲಾಗಿ ನಿಲ್ಲಿಸಿದ್ದಾರೆ. ಕೈಯಿಂದ ಮುಟ್ಟಿದರೆ ಉಳಿಯ ಗುರುತು ಸಿಗುತ್ತದೆ.

ರನ್ನಿಂಗ್ ಡೇ: ನಿಜವಾದ ಹಳ್ಳಿ ದಾರಿ ಬೇಕಾದವರಿಗೆ

ರನ್ನಿಂಗ್ ಡೇ ಅಂದರೆ ಒಂದು ಊರಿಗೆ ಹತ್ತಾರು ಹಳೇ ಬಸ್ಸುಗಳು ಬಂದು ಸೇರಿ, ಸುತ್ತಲ ಹಳ್ಳಿಗಳಿಗೆ ಹಳೇ ಮಾರ್ಗಗಳಲ್ಲಿ ಇಡೀ ದಿನ ಓಡುವುದು. ಹೆಚ್ಚಿನವು ಫ್ರೀ. ನನ್ನ ಮನಸ್ಸು ಇರುವುದು ಇಲ್ಲಿ. ಒಂದೇ ದಿನದಲ್ಲಿ ಮೂರು ನಾಲ್ಕು ಬಗೆಯ ಬಸ್ಸು ಹತ್ತಿ ಇಳಿಯಬಹುದು. ಹಳ್ಳಿಯಲ್ಲಿ ಇಳಿದು ಅಡ್ಡಾಡಿ, ಮುಂದಿನ ಬಸ್ಸಿಗೆ ವಾಪಸ್ ಬರಬಹುದು.

ಐಲ್ ಆಫ್ ವೈಟ್ ದ್ವೀಪದ ಅಕ್ಟೋಬರ್ ವಾರಾಂತ್ಯ ಇವುಗಳಲ್ಲಿ ದೊಡ್ಡದು. ರೈಡ್ ಊರಿನ ಬಸ್ ಮ್ಯೂಸಿಯಂ ನಡೆಸುತ್ತದೆ. ಹಳೇ ಬಸ್ಸು, ನಡಿಗೆ, ಹಳ್ಳಿ ಪಬ್ಬು ಮೂರನ್ನೂ ಸೇರಿಸಿದ ಕಾರ್ಯಕ್ರಮ. ದ್ವೀಪದ ಉದ್ದಗಲಕ್ಕೂ ಬಸ್ಸು ಓಡುತ್ತದೆ. ಪೋರ್ಟ್ಸ್‌ಮತ್‌ನಿಂದ ದೋಣಿ ಹತ್ತಿದರೆ ನೇರ ರೈಡ್. ಸುಣ್ಣಕಲ್ಲಿನ ಗುಡ್ಡ, ಕೆಳಗೆ ಸಮುದ್ರ, ಚಿಕ್ಕ ದಾರಿ. ದ್ವೀಪದ ರೈಲು ಕೂಡ ಲಂಡನ್ನಿನ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ಓಡಿ ದಣಿದ ಹಳೇ ಟ್ಯೂಬ್ ಬೋಗಿಗಳನ್ನು ಹೊಸದು ಮಾಡಿ ಓಡಿಸುವಂಥದ್ದು. ಹಾಗಾಗಿ ಸಾರಿಗೆಯ ಹುಚ್ಚು ಇರುವವರಿಗೆ ಎರಡು ದಿನವೂ ಸಾಲದು. ತೊಂದರೆ ಹವಾಮಾನದ್ದು. ಅಕ್ಟೋಬರ್‌ನಲ್ಲಿ ಸಮುದ್ರದ ಗಾಳಿ, ಬೇಗ ಕತ್ತಲು. ಉಳಿದುಕೊಳ್ಳುವ ರೂಮು ಮೊದಲೇ ಹಿಡಿಯಿರಿ.

ಹೆಚ್ಚು ತಿರುಗಾಟ ಬೇಡ ಅನ್ನುವವರಿಗೆ ವಿಂಚೆಸ್ಟರ್. ಮೇ ತಿಂಗಳ ಮೊದಲ ಬ್ಯಾಂಕ್ ರಜೆಯ ಸುಮಾರಿಗೆ ಇರುತ್ತದೆ. ಲಂಡನ್ ವಾಟರ್‌ಲೂನಿಂದ ಒಂದು ಗಂಟೆಯ ರೈಲು. ಕಿಂಗ್ ಆಲ್‌ಫ್ರೆಡ್ ಅನ್ನುವ ಊರಿನದ್ದೇ ಖಾಸಗಿ ಬಸ್ ಕಂಪನಿ 1973ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಅದರ ಅಭಿಮಾನಿಗಳು ದೇಶದ ಮೂಲೆಮೂಲೆಯಿಂದ ಆ ಕಂಪನಿಯ ಬಸ್ಸುಗಳನ್ನು ಹುಡುಕಿ ತಂದು, ಹಸಿರು ಬಣ್ಣ ಬಳಿದು ಮತ್ತೆ ಅದೇ ಬೀದಿಗಳಲ್ಲಿ ಓಡಿಸುತ್ತಾರೆ. ಒಂದು ಊರು ತನ್ನ ಬಸ್ಸುಗಳನ್ನು ಇಷ್ಟು ಪ್ರೀತಿಸಬಹುದಾ ಅನ್ನಿಸುತ್ತದೆ.

ಡೆವನ್‌ನ ಕಿಂಗ್ಸ್‌ಬ್ರಿಜ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವುದು ಚಿಕ್ಕದು. ಆದರೆ ದಾರಿಗೆ ಪೂರ್ತಿ ಅಂಕ. ಅಲ್ಲಿನ ಹಳ್ಳಿ ದಾರಿಗಳು ಎರಡೂ ಕಡೆ ಎತ್ತರದ ಮಣ್ಣು ದಿಬ್ಬ, ಅದರ ಮೇಲೆ ಬೇಲಿಗಿಡ, ನಡುವೆ ಒಂದೇ ಗಾಡಿಗೆ ಜಾಗ. ಇಂಥ ದಾರಿಗಾಗಿ ಏಳೂವರೆ ಅಡಿ ಅಗಲದ ಬಸ್ಸುಗಳನ್ನೇ ಇಟ್ಟುಕೊಳ್ಳಬೇಕಿತ್ತು. ಎಂಟು ಅಡಿಯದ್ದು ಸಿಕ್ಕಿಕೊಳ್ಳುತ್ತಿತ್ತು. ಆ ಅರ್ಧ ಅಡಿಯ ಬೆಲೆ ಕಿಟಕಿ ಪಕ್ಕ ಕೂತರೆ ಗೊತ್ತಾಗುತ್ತದೆ. ಎಲೆಗಳು ಗಾಜನ್ನು ಉಜ್ಜಿಕೊಂಡೇ ಹೋಗುತ್ತವೆ. ಈ ಊರಿನ ರೈಲು 1963ರಲ್ಲೇ ನಿಂತಿದೆ. ಟಾಟ್ನೆಸ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಇನ್ನು ಉತ್ತರದ ಕರ್ಬಿ ಸ್ಟೀವನ್. ಕಂಬ್ರಿಯಾದ ಈ ಪುಟ್ಟ ಪೇಟೆಯಲ್ಲಿ ಈಸ್ಟರ್ ವಾರಾಂತ್ಯಕ್ಕೆ ಹಳೇ ಲಾರಿ ಬಸ್ಸುಗಳ ಜಾತ್ರೆ. ಬಸ್ಸುಗಳು ಪಕ್ಕದ ಬ್ರಫ್‌ಗೆ, ಸುತ್ತಲಿನ ಬೋಳು ಬೆಟ್ಟಗಳ ಮೇಲಕ್ಕೆ ಓಡುತ್ತವೆ. ಎಂಜಿನ್ ನಿಜವಾಗಿ ದುಡಿಯುವುದನ್ನು ಕೇಳಬೇಕು ಅಂದರೆ ಇಲ್ಲಿಗೆ ಬನ್ನಿ. ಲೀಡ್ಸ್‌ನಿಂದ ಸೆಟಲ್–ಕಾರ್ಲೈಲ್ ರೈಲಿನಲ್ಲಿ ಬರಬಹುದು. ಆ ರೈಲು ದಾರಿಯೇ ಒಂದು ಸೊಗಸು. ನಿಲ್ದಾಣ ಪೇಟೆಯಿಂದ ಒಂದೂವರೆ ಮೈಲಿ ದೂರ ಇದೆ, ನೆನಪಿರಲಿ. ಈಸ್ಟರ್ ಅಂದರೆ ವಸಂತ ಅಂದುಕೊಂಡು ತೆಳು ಬಟ್ಟೆಯಲ್ಲಿ ಹೋಗಬೇಡಿ. ಆ ಎತ್ತರದಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ.

ಈ ನಾಲ್ಕರಲ್ಲಿ ಒಂದನ್ನು ಆರಿಸು ಅಂದರೆ ನಾನು ಐಲ್ ಆಫ್ ವೈಟ್ ಅನ್ನುತ್ತೇನೆ. ಬಸ್ಸು ಜಾಸ್ತಿ, ದಾರಿ ಬಗೆಬಗೆ, ಒಂದು ಬಸ್ಸು ಕೆಟ್ಟು ನಿಂತರೂ ದಿನ ಹಾಳಾಗುವುದಿಲ್ಲ. ಡೆವನ್, ಕಂಬ್ರಿಯಾ ಎರಡೂ ಹತ್ತಿರದಲ್ಲೇ ಇರುವವರಿಗೆ, ಇಲ್ಲವೇ ಆಗಲೇ ಹುಚ್ಚು ಹಿಡಿದವರಿಗೆ.

ಮ್ಯೂಸಿಯಂ, ಬಾಡಿಗೆ

ತಾರೀಖು ಹೊಂದದವರಿಗೆ ಮ್ಯೂಸಿಯಂ ಇದೆ. ಡರಮ್ ಕೌಂಟಿಯ ಬೀಮಿಷ್‌ನಲ್ಲಿ ಹಳೇ ಬಸ್ಸು, ಟ್ರಾಮ್ ಎರಡೂ ಆವರಣದೊಳಗೇ ಸುತ್ತುತ್ತವೆ. ಮಕ್ಕಳಿಗೆ ಇಡೀ ದಿನ ಸಾಲುವುದಿಲ್ಲ. ಲೋಸ್ಟಾಫ್ಟ್ ಹತ್ತಿರದ ಕಾರ್ಲ್‌ಟನ್ ಕೋಲ್ವಿಲ್‌ನಲ್ಲಿ ತಂತಿಯಿಂದ ಕರೆಂಟು ಪಡೆದು ಓಡುವ ಟ್ರಾಲಿಬಸ್ ಹತ್ತಬಹುದು. ಬರ್ಮಿಂಗ್‌ಹ್ಯಾಮ್ ಕಡೆಯವರಿಗೆ ವಿಥಾಲ್ ಮ್ಯೂಸಿಯಂ. ವಿಶೇಷ ದಿನಗಳಲ್ಲಿ ಅವರ ಬಸ್ಸುಗಳು ಗೇಟು ದಾಟಿ ಹೊರಗಿನ ರಸ್ತೆಗೆ ಬರುತ್ತವೆ. ಹೋಗುವುದಾದರೆ ಅಂಥ ದಿನವೇ ಹೋಗಿ. ಉಳಿದ ದಿನ ನಿಂತ ಬಸ್ಸು ನೋಡಿ ಬರುವುದಾಗುತ್ತದೆ.

ಬಾಡಿಗೆಗೆ ಬಸ್ಸು ತಗೊಳ್ಳುವುದು ಮದುವೆಗೆ ಸರಿ. ಮೂವತ್ತು ನಲವತ್ತು ಜನ ಇದ್ದರೆ, ದಾರಿ ನಿಮ್ಮದೇ ಆಯ್ಕೆ. ಆದರೆ ಬಸ್ಸಿನ ನೆಲೆಯಿಂದ ನಿಮ್ಮ ಜಾಗಕ್ಕೆ ಬಂದು ಹೋಗುವ ದೂರಕ್ಕೂ ನೀವೇ ದುಡ್ಡು ಕೊಡಬೇಕು, ವೇಗವೂ ಕಡಿಮೆ. ಹತ್ತಿರದಲ್ಲಿ ಯಾರಿದ್ದಾರೆ ಅಂತ ಮೊದಲು ನೋಡಿ. ಚೆಂದದ ದಾರಿ ಎಲ್ಲಿದೆ ಅನ್ನುವುದು ಆಮೇಲೆ.

ಎರಡು ಬಸ್ಸು ಒಟ್ಟಿಗೆ ನಿಂತಿದ್ದರೆ?

ರನ್ನಿಂಗ್ ಡೇಯಲ್ಲಿ ಈ ಸುಖದ ಸಮಸ್ಯೆ ಬಂದೇ ಬರುತ್ತದೆ. ಒಂದಿಷ್ಟು ಪರಿಚಯ ಇದ್ದರೆ ಆಯ್ಕೆ ಸುಲಭ.

ರೂಟ್‌ಮಾಸ್ಟರ್ ಎಲ್ಲರಿಗೂ ಗೊತ್ತು. ಎಇಸಿ ಕಂಪನಿಯದು, 1968ರ ತನಕ ಒಟ್ಟು 2,876 ಕಟ್ಟಿದರು. ಅಲ್ಯೂಮಿನಿಯಂ ಮೈ, ಪವರ್ ಸ್ಟಿಯರಿಂಗ್, ಆಟೋಮ್ಯಾಟಿಕ್ ಗೇರು. 1950ರ ದಶಕದ ಬಸ್ಸಿಗೆ ಇದು ಬಹಳ ಮುಂದಿನ ಯೋಚನೆ. ಸವಾರಿ ನಯ, ಅಮ್ಮನನ್ನು ಕೂರಿಸಲು ಇದೇ ಒಳ್ಳೆಯದು. ಆದರೆ ಇದನ್ನು ಕಟ್ಟಿದ್ದು ಲಂಡನ್ನಿನ ಬೀದಿಗಳಿಗೆ. ಹಳ್ಳಿ ದಾರಿಯ ನಂಟು ಬೇಕು ಅಂದರೆ ಹಸಿರು ಬಣ್ಣದ ರೂಟ್‌ಮಾಸ್ಟರ್ ಹುಡುಕಿ. ಲಂಡನ್ ಸಾರಿಗೆಯ ಹಳ್ಳಿ ವಿಭಾಗ 1970ರ ಜನವರಿ 1ರಂದು ಬೇರೆ ಕಂಪನಿಯಾಗುವ ತನಕ ಅದರ ಬಣ್ಣ ಹಸಿರು.

ರೂಟ್‌ಮಾಸ್ಟರ್‌ಗಿಂತ ಹಳೆಯದು ಆರ್‌ಟಿ. 1939ರಲ್ಲಿ ಮೊದಲು ಬಂತು, 1979ರ ತನಕ ಲಂಡನ್ನಿನಲ್ಲಿ ದುಡಿಯಿತು. ಇದರ ಡ್ರೈವರ್ ಏನು ಮಾಡುತ್ತಾರೆ ಅಂತ ಗಮನಿಸಿ. ಸ್ಟಿಯರಿಂಗ್ ಕೆಳಗಿನ ಪುಟ್ಟ ಕಡ್ಡಿಯಲ್ಲಿ ಮುಂದಿನ ಗೇರನ್ನು ಮೊದಲೇ ಆರಿಸಿ ಇಟ್ಟಿರುತ್ತಾರೆ. ತಿರುವು ಬಂದಾಗ ಎಡಗಾಲಿನ ಪೆಡಲ್ ಒತ್ತಿದರೆ ಸಾಕು, ಗೇರು ಬೀಳುತ್ತದೆ. ನನ್ನ ಕಣ್ಣಿಗೆ ಆರ್‌ಟಿಯಷ್ಟು ಚೆಂದದ ಮುಖದ ಡಬಲ್ ಡೆಕರ್ ಬೇರೆ ಇಲ್ಲ.

ಆದರೆ ನೀವು ಹಳ್ಳಿ ದಾರಿಗೆ ಬಂದಿದ್ದೀರಿ ಅಲ್ವಾ? ಹಾಗಿದ್ದರೆ ಬ್ರಿಸ್ಟಲ್ ಲೋಡೆಕ್ಕಾ ಬಿಡಬೇಡಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ರೈಲು ಸೇತುವೆಗಳು ತಗ್ಗು. ಮಾಮೂಲಿ ಡಬಲ್ ಡೆಕರ್ ಸುಮಾರು ಹದಿನಾಲ್ಕೂವರೆ ಅಡಿ ಎತ್ತರ. ಅದು ಕೆಳಗೆ ತೂರುವುದಿಲ್ಲ. ಮೊದಲು ಕಂಡುಕೊಂಡ ಉಪಾಯ ಹೀಗಿತ್ತು. ಮೇಲಿನ ಮಹಡಿಯ ನಡೆದಾರಿಯನ್ನು ನಡುವಿನಿಂದ ಒಂದು ಬದಿಗೆ ಸರಿಸಿ, ತಗ್ಗಿನಲ್ಲಿ ಇಡುವುದು. ಆಗ ಮೇಲೆ ಒಂದೇ ಸೀಟಿನಲ್ಲಿ ನಾಲ್ಕು ಜನ ಒತ್ತಿ ಕೂರಬೇಕು. ಕಿಟಕಿ ಪಕ್ಕದವರು ಇಳಿಯಬೇಕಾದರೆ ಮೂವರೂ ಏಳಬೇಕು. ಕೆಳಗಿನ ಮಹಡಿಯಲ್ಲಿ ಆ ತಗ್ಗಿನ ಅಡಿಯಲ್ಲಿ ಕೂತವರು ಎದ್ದ ಕೂಡಲೇ ತಲೆ ಬಡಿಸಿಕೊಳ್ಳುತ್ತಿದ್ದರು. ಬ್ರಿಸ್ಟಲ್‌ನ ಎಂಜಿನಿಯರ್‌ಗಳು ಹಿಂದಿನ ಆಕ್ಸಲ್ ಅನ್ನೇ ನಡುವೆ ತಗ್ಗಿಸಿ, ಕೆಳಗಿನ ನೆಲವನ್ನು ಇಳಿಸಿಬಿಟ್ಟರು. ಎತ್ತರ ಒಂದು ಅಡಿಯಷ್ಟು ಕಡಿಮೆಯಾಯಿತು, ನಡೆದಾರಿ ನಡುವಿಗೆ ವಾಪಸ್ ಬಂತು. ಆಗ ಬ್ರಿಸ್ಟಲ್ ಕಂಪನಿ ಸರ್ಕಾರದ ಕೈಯಲ್ಲಿತ್ತು. ಬಹಳ ಕಾಲ ಸರ್ಕಾರಿ ಒಡೆತನದ ಬಸ್ ಕಂಪನಿಗಳಿಗೆ ಮಾತ್ರ ಮಾರುವಂತಿತ್ತು. ಅದಕ್ಕೇ ಪ್ರವಾಸಿಗಳಿಗೆ ಇದರ ಹೆಸರು ಗೊತ್ತಿಲ್ಲ, ಹಳ್ಳಿಯ ಹಿರಿಯರಿಗೆಲ್ಲ ಗೊತ್ತು. ಸಾಧ್ಯವಾದರೆ ಬದಿಯಲ್ಲಿ ನಡೆದಾರಿ ಇರುವ ಆ ಹಳೇ ಬಗೆಯ ಬಸ್ಸನ್ನೂ (ಅದಕ್ಕೆ ಲೋಬ್ರಿಜ್ ಅನ್ನುತ್ತಾರೆ) ಲೋಡೆಕ್ಕಾವನ್ನೂ ಒಂದೇ ದಿನ ಹತ್ತಿ ನೋಡಿ. ಎಂಜಿನಿಯರಿಂಗ್ ಪಾಠ ಮೈಗೇ ಹತ್ತುತ್ತದೆ.

ಒಂದೇ ಮಹಡಿಯವುಗಳಲ್ಲಿ ನನ್ನ ಮೊದಲ ಆಯ್ಕೆ ಬೆಡ್‌ಫೋರ್ಡ್ ಒಬಿ. 1939ರಿಂದ 1951ರ ನಡುವೆ ಕಟ್ಟಿದ್ದು. ಗುಂಡು ಗುಂಡಾದ ಮೈ, ಮುಂದೆ ಚಾಚಿದ ಬಾನೆಟ್, ಇಪ್ಪತ್ತೊಂಬತ್ತು ಸೀಟು. ಗೇರು ಬಾಕ್ಸು ಒಂದೇ ಸಮನೆ ಕೊರಗುಟ್ಟುವ ಸದ್ದು ಮಾಡುತ್ತದೆ. ಇಂಗ್ಲೆಂಡಿನ ಹಳ್ಳಿಯ ಮುದುಕರು ಕಣ್ಣು ಮುಚ್ಚಿಕೊಂಡೇ ಆ ಸದ್ದನ್ನು ಗುರುತಿಸುತ್ತಾರೆ. ಡ್ರೈವರ್ ನಿಮ್ಮ ಜೊತೆಗೇ ಕೂತಿರುವುದರಿಂದ ಗೇರು ಹಾಕುವುದನ್ನು ಹತ್ತಿರದಿಂದ ನೋಡಬಹುದು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಕ್ಷಣ ಕಾಯುವುದು, ಮತ್ತೆ ಕ್ಲಚ್ ಒತ್ತಿ ಮುಂದಿನ ಗೇರು. ಎಂಜಿನ್ ವೇಗ ಇಳಿಯುವುದನ್ನು ಕಿವಿಯಲ್ಲೇ ಅಳೆಯಬೇಕು. ತಪ್ಪಿದರೆ ಹಲ್ಲು ಕರಕರ ಅನ್ನುತ್ತದೆ.

ಅದರ ಚಿಕ್ಕ ಜೊತೆಗಾರ ಗೈ ಜಿಎಸ್. 1953ರಲ್ಲಿ ಲಂಡನ್ ಸಾರಿಗೆ ತನ್ನ ಹಳ್ಳಿ ಮಾರ್ಗಗಳಿಗೆ ಅಂತಲೇ 84 ಮಾತ್ರ ಮಾಡಿಸಿತು. ಇಪ್ಪತ್ತಾರು ಸೀಟು, ಕಂಡಕ್ಟರ್ ಇಲ್ಲ. ಸಂಖ್ಯೆಯೇ ಕಡಿಮೆ. ಎದುರಿಗೆ ಕಂಡರೆ ಬೇರೆ ಯೋಚನೆ ಬಿಟ್ಟು ಹತ್ತಿಬಿಡಿ. ಆರ್‌ಎಫ್ ಕೂಡ ಅದೇ ಕಾಲದ್ದು, ಸ್ವಲ್ಪ ದೊಡ್ಡದು, ಎಂಜಿನ್ ನೆಲದ ಅಡಿಯಲ್ಲಿ. ಆರಾಮದ ಬಸ್ಸು, ಅಂಥ ವಿಶೇಷ ಏನಿಲ್ಲ.

ಲೇಲ್ಯಾಂಡ್ ಟೈಟನ್ ಎದುರಾದರೆ ನಮ್ಮವರು ಒಂದು ನಿಮಿಷ ನಿಲ್ಲಬೇಕು. ಲ್ಯಾಂಕಾಶೈರಿನ ಈ ಕಂಪನಿ ಕೈಜೋಡಿಸಿದ ಮೇಲೆ ಚೆನ್ನೈನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟೈಟನ್ ಡಬಲ್ ಡೆಕರ್‌ಗಳು ನಮ್ಮ ದೇಶದಲ್ಲೂ ತಯಾರಾದವು. ಬೆಂಗಳೂರಿನ ಬಿಟಿಎಸ್ ಡಬಲ್ ಡೆಕರ್ ಹತ್ತಿದ ತಂದೆತಾಯಿ ಜೊತೆಗಿದ್ದರೆ ಇದನ್ನೇ ತೋರಿಸಿ. ಮಾತು ತಾನಾಗಿ ಶುರುವಾಗುತ್ತದೆ.

ಸೀಟು, ಗಂಟೆ, ವಯಸ್ಸು

ಮೇಲಿನ ಮಹಡಿಯ ಮುಂದಿನ ಸೀಟಿಗೆ ಎಲ್ಲರೂ ಓಡುತ್ತಾರೆ. ನೋಟಕ್ಕೆ ಅದು ಸರಿ. ಮರದ ಕೊಂಬೆ ಗಾಜಿಗೆ ಪಟ್ ಅಂತ ಬಡಿದಾಗ ಹೆದರಬೇಡಿ. ಆದರೆ ಬಸ್ಸನ್ನು ಅರಿಯಲು ಕೆಳಗಿನ ಮಹಡಿಯ ಮುಂದಿನ ಎಡ ಸೀಟೇ ಒಳ್ಳೆಯದು. ಹಳೇ ಬಸ್ಸುಗಳಲ್ಲಿ ಡ್ರೈವರ್ ಎಂಜಿನ್ ಪಕ್ಕದ ಅರ್ಧ ಗೂಡಿನಲ್ಲಿ ಒಬ್ಬರೇ ಕೂರುತ್ತಾರೆ. ನಿಮ್ಮ ಮುಂದೆ ಬಾನೆಟ್, ಅದರಾಚೆ ದಾರಿ. ಐದು ಸಿಲಿಂಡರಿನ ಗಾರ್ಡ್‌ನರ್ ಎಂಜಿನ್ ಇದ್ದರೆ ಬಸ್ಸು ನಿಂತಾಗ ಕಿಟಕಿ, ಸೀಟು, ನಿಮ್ಮ ಮೊಣಕಾಲು ಎಲ್ಲ ಒಂದೇ ತಾಳದಲ್ಲಿ ನಡುಗುತ್ತವೆ. ಹೊರಟ ಕೂಡಲೇ ನಡುಕ ಮಾಯ.

ಕಂಡಕ್ಟರ್ ಇರುವ ಬಸ್ಸಾದರೆ ಗಂಟೆ ಕೇಳಿ. ನಮ್ಮಲ್ಲಿ "ರೈಟ್ ರೈಟ್" ಅಂದರೆ ಹೊರಟಿತು. ಅಲ್ಲಿ ಎರಡು ಗಂಟೆ ಹೊಡೆದರೆ ಹೊರಡು. ಒಂದು ಹೊಡೆದರೆ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸು. ಮೂರಾದರೆ ಬಸ್ಸು ತುಂಬಿದೆ. ನಾಲ್ಕು ಅಂದರೆ ಅಪಾಯ, ಕೂಡಲೇ ನಿಲ್ಲಿಸು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ, ದಾರಿಯುದ್ದಕ್ಕೂ ಎಣಿಸುತ್ತಾರೆ. ಹಗ್ಗಕ್ಕೆ ಗುಂಡಿಗೆ ಮಾತ್ರ ಕೈ ಹಾಕಲು ಬಿಡಬೇಡಿ. ಡ್ರೈವರ್‌ಗೆ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ, ಗಂಟೆಯನ್ನೇ ನಂಬಿ ಬಸ್ಸು ಬಿಡುತ್ತಾರೆ.

ವಯಸ್ಸಾದವರಿಗೆ ಮೆಟ್ಟಿಲು ಎತ್ತರ. ಗಾಲಿಕುರ್ಚಿ ಹತ್ತಿಸುವ ವ್ಯವಸ್ಥೆ ಹಳೇ ಬಸ್ಸಿನಲ್ಲಿ ಇರುವುದಿಲ್ಲ. ಮಗುವಿನ ತಳ್ಳುಗಾಡಿ ಮಡಚುವಂಥದ್ದು ಇರಲಿ. ಸೀಟ್ ಬೆಲ್ಟ್ ಇರುವುದಿಲ್ಲ, ಚಿಕ್ಕವರನ್ನು ಒಳಗಡೆ ಸೀಟಿನಲ್ಲಿ ಕೂರಿಸಿ, ಹಿಂದಿನ ತೆರೆದ ಕಟ್ಟೆಯ ಹತ್ತಿರ ಬಿಡಬೇಡಿ. ವಾಂತಿಯ ತೊಂದರೆ ಇರುವವರು ಕೆಳಗಿನ ಮಹಡಿಯ ಮಧ್ಯದಲ್ಲಿ ಕೂತು ಕಿಟಕಿ ತೆಗೆದುಕೊಳ್ಳಲಿ. ಬುತ್ತಿ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಚಪಾತಿ ಏನಾದರೂ ಸರಿ. ಹಳ್ಳಿಗಳಲ್ಲಿ ಮಧ್ಯಾಹ್ನ ಊಟ ಸಿಗುತ್ತದೆ ಅಂತ ನಂಬಿಕೊಂಡು ಹೋಗುವಂತಿಲ್ಲ.

ಹೊರಡುವ ಹಿಂದಿನ ದಿನ ಸಂಘಟಕರ ಪುಟದಲ್ಲಿ ಆ ವರ್ಷದ ತಾರೀಖು, ವೇಳೆ ಎರಡನ್ನೂ ಇನ್ನೊಮ್ಮೆ ನೋಡಿ. ಬಸ್ಸು ಕೈಕೊಟ್ಟರೆ ಕೊನೆಯ ಗಳಿಗೆಯಲ್ಲೂ ಬದಲಾವಣೆ ಆಗುತ್ತದೆ. ಹಳ್ಳಿಯಲ್ಲಿ ಇಳಿಯುವ ಮುಂಚೆ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಅದರ ಹಿಂದಿನ ಬಸ್ಸಿಗೇ ಹತ್ತಿ. ಕೊನೆಯದು ತುಂಬಿ ಬಂದರೆ ಆ ಹಳ್ಳಿಗಳಿಂದ ಪೇಟೆಗೆ ಬರಲು ಬೇರೆ ಬಸ್ಸು ಇರುವುದಿಲ್ಲ.